ಮಾಂಡವಿಯ ದ್ವೀಪಗಳಿಗೆ ಖಾಸಗಿ ಜೀಪು: ಗೈಡ್ ಆರಿಸುವುದರಿಂದ ಲೆಕ್ಕ ತೀರಿಸುವವರೆಗೆ

ಗೋವಾಕ್ಕೆ ಬರುವವರಲ್ಲಿ ಹೆಚ್ಚಿನವರು ಕಡಲತೀರ ನೋಡಿ, ಹಳೆ ಗೋವಾದ ಒಂದೆರಡು ಚರ್ಚುಗಳ ಮುಂದೆ ಫೋಟೊ ತೆಗೆಸಿಕೊಂಡು ಊರಿಗೆ ಮರಳುತ್ತಾರೆ. ಆ ಚರ್ಚುಗಳ ಬೆನ್ನಿಗೇ ಹರಿಯುವ ಮಾಂಡವಿಯಲ್ಲಿ ದಿವಾಡಿ ಮತ್ತು ಚೋಡಣ ಎಂಬ ಎರಡು ದ್ವೀಪಗಳಿವೆ. ನಕ್ಷೆಗಳಲ್ಲಿ ಇವನ್ನು ದಿವಾರ್ ಮತ್ತು ಚೋರಾವ್ ಎಂದು ಗುರುತಿಸಿರುತ್ತಾರೆ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾದಲ್ಲಿ ಮಾಂಡವಿ ಎನಿಸಿಕೊಂಡು, ಸಮುದ್ರ ಸೇರುವ ಮೊದಲು ಕವಲೊಡೆದು ಈ ದ್ವೀಪಗಳನ್ನು ಬಳಸಿ ಹರಿಯುತ್ತದೆ. ವಾಸ್ಕೋ, ಮಾಪುಸಾ, ಫೋಂಡಾ ಕಡೆ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಹುಬ್ಬಳ್ಳಿ, ಬೆಳಗಾವಿಗಳಿಂದ ನೆಂಟರು ಬಂದಾಗ ಎಲ್ಲಿಗೆ ಕರೆದೊಯ್ಯುವುದು ಎಂಬ ಪ್ರಶ್ನೆ ಪ್ರತಿ ರಜೆಯಲ್ಲೂ ಏಳುತ್ತದೆ. ಒಂದು ಇಡೀ ದಿನ ಕೈಯಲ್ಲಿದ್ದರೆ, ಗೈಡ್ ಜೊತೆಗಿರುವ ಖಾಸಗಿ ಜೀಪಿನಲ್ಲಿ ಈ ಎರಡು ದ್ವೀಪಗಳನ್ನು ಸುತ್ತಿ ಬರುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಉತ್ತರ. ಅದನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು, ಯಾವ ಕ್ರಮದಲ್ಲಿ ಸುತ್ತಬೇಕು, ಎಲ್ಲಿ ಇಳಿದು ನಡೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜೀಪು ಎಂದ ಕೂಡಲೇ ಕೆಸರು, ಹಳ್ಳ, ಬಂಡೆಗಳ ಮೇಲೆ ಕುಲುಕುತ್ತ ಸಾಗುವ ಸಾಹಸ ನೆನಪಾಗುತ್ತದೆ. ಅದನ್ನು ಬಯಸುವವರು ಕುಳೆ ಊರಿನಿಂದ ಮಹಾವೀರ ಅಭಯಾರಣ್ಯದ ಒಳಗೆ ದೂಧಸಾಗರಕ್ಕೆ ಹೋಗುವ ಜೀಪುಗಳನ್ನು ಹತ್ತಬೇಕು. ದಿವಾಡಿ ಮತ್ತು ಚೋಡಣದ ರಸ್ತೆಗಳು ಡಾಂಬರು ಹಾಕಿದ, ಇಕ್ಕಟ್ಟಾದ ಹಳ್ಳಿ ರಸ್ತೆಗಳು. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಗಾಡಿಯ ಅಗತ್ಯ ಅಲ್ಲಿಲ್ಲ. ತೆರೆದ ಜೀಪಿನ ಪ್ರಯೋಜನವೇ ಬೇರೆ. ಎತ್ತರದಲ್ಲಿ ಕುಳಿತು ಎರಡೂ ಬದಿಯ ಗದ್ದೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಹಕ್ಕಿಗಳನ್ನು ಅಡೆತಡೆಯಿಲ್ಲದೆ ನೋಡಬಹುದು, ಬೇಕೆನಿಸಿದಲ್ಲಿ ನಿಲ್ಲಿಸಬಹುದು. ಖಾಸಗಿಯಾಗಿ ಗೊತ್ತುಮಾಡಿಕೊಂಡ ಗಾಡಿಗೆ ಕೊಡುವ ಹಣ ಹೀಗೆ ನಿಲ್ಲುವ ಸ್ವಾತಂತ್ರ್ಯಕ್ಕೆ ಕೊಡುವ ಹಣ. ಆದ್ದರಿಂದ ಎಲ್ಲಿ, ಯಾವಾಗ, ಎಷ್ಟು ಹೊತ್ತು ನಿಲ್ಲಬೇಕೆಂದು ಬಲ್ಲ ಗೈಡ್ ಸಿಗುವುದು ಮುಖ್ಯ. ಗಾಡಿಯ ಆಯ್ಕೆ ಆಮೇಲಿನದು.

ಗೈಡ್ ಮತ್ತು ಗಾಡಿ

ಗೋವಾದಲ್ಲಿ ಪ್ರವಾಸಿ ಗೈಡ್‌ಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡಿರಬೇಕು. 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆ ಇದಕ್ಕೆ ಆಧಾರ. ಫೋನಿನಲ್ಲಿ ಮಾತಾಡುವಾಗಲೇ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಕನ್ನಡ ಬಲ್ಲ ಗೈಡ್ ಮತ್ತು ಚಾಲಕರು ಇಲ್ಲಿ ಅಪರೂಪವಲ್ಲ. ಬೆಳಗಾವಿ, ಧಾರವಾಡ, ಕಾರವಾರದ ಕಡೆಯಿಂದ ಬಂದು ಈ ಕೆಲಸದಲ್ಲೇ ಬೇರೂರಿದವರಿದ್ದಾರೆ, ಕೊಂಕಣಿಯ ಜೊತೆಗೆ ಕನ್ನಡವನ್ನೂ ಸರಾಗವಾಗಿ ಆಡುವ ಸ್ಥಳೀಯರೂ ಇದ್ದಾರೆ. ಅಜ್ಜ ಅಜ್ಜಿಯರನ್ನು ಕರೆದೊಯ್ಯುವುದಿದ್ದರೆ ಕನ್ನಡದ ಗೈಡನ್ನೇ ಹುಡುಕಿ. ದೇವಸ್ಥಾನದ ಕಥೆಯನ್ನು ತಮ್ಮ ಭಾಷೆಯಲ್ಲಿ ಕೇಳಿದ ಹಿರಿಯರು ಮರುಪ್ರಶ್ನೆ ಹಾಕುತ್ತಾರೆ, ಗೈಡ್‌ಗೂ ಹುರುಪು ಬರುತ್ತದೆ.

ಗೈಡ್‌ಗೆ ಈ ದ್ವೀಪಗಳು ನಿಜವಾಗಿ ಗೊತ್ತಿವೆಯೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: "ಅಣ್ಣಾರ, ದಿವಾಡಿಯಿಂದ ಹಳೆ ಗೋವಾಕ್ಕ ವಾಪಸ್ ಬರೂದು ಬ್ಯಾಡ, ನಾರ್ವೆ ಫೆರ್ರಿ ದಾಟಿ ಮಯೆ ಮೇಲಿಂದ ಚೋಡಣಕ್ಕ ಹೋಗೂಣೇನ್ರಿ?" ದಾರಿ ಬಲ್ಲವರು ಒಡನೆಯೇ ಉಬ್ಬರ ಎಷ್ಟು ಗಂಟೆಗೆ, ಯಾವ ಕಡೆಯಿಂದ ಶುರುಮಾಡಬೇಕು ಎಂಬ ಮಾತಿಗೆ ಬರುತ್ತಾರೆ. "ನೋಡೂಣ್ರೀ" ಎಂದಷ್ಟೇ ಹೇಳಿ ಕಡಲತೀರದ ಪ್ಯಾಕೇಜಿನತ್ತ ಮಾತು ತಿರುಗಿಸುವವರನ್ನು ಬಿಟ್ಟು ಬೇರೊಬ್ಬರನ್ನು ವಿಚಾರಿಸುವುದೇ ಲೇಸು.

ಗಾಡಿಯ ವಿಷಯದಲ್ಲಿ ಎರಡು ಸಂಗತಿಗಳನ್ನು ತಪ್ಪದೆ ನೋಡಬೇಕು. ಮೊದಲನೆಯದು ನಂಬರ್ ಪ್ಲೇಟು. ಚಾಲಕನ ಸಮೇತ ಬಾಡಿಗೆಗೆ ಬರುವ ಗಾಡಿಗೆ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರಗಳಿರುತ್ತವೆ. ನೀವೇ ಓಡಿಸಿಕೊಳ್ಳಲು ಕೊಡುವ ಬಾಡಿಗೆ ಗಾಡಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರಗಳು. ಬಿಳಿ ಹಲಗೆಯ ಸ್ವಂತ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ದರ ಕಡಿಮೆ ಎಂದು ಅದನ್ನು ಹತ್ತಿದರೆ ತಪಾಸಣೆಯಲ್ಲಿ ದಾರಿ ಮಧ್ಯದಲ್ಲೇ ಇಳಿಯಬೇಕಾಗಬಹುದು, ಅಪಘಾತವಾದರೆ ವಿಮೆಯೂ ಕೈಹಿಡಿಯದೆ ಹೋಗಬಹುದು.

ಎರಡನೆಯದು ಆಸನಗಳ ಲೆಕ್ಕ. ಗೋವಾದಲ್ಲಿ ಬಾಡಿಗೆಗೆ ಹೆಚ್ಚಾಗಿ ಕಾಣುವ ಮೂರು ಬಾಗಿಲಿನ ಮಹೀಂದ್ರ ಥಾರ್ ಜೀಪಿನಲ್ಲಿ ಇರುವುದು ನಾಲ್ಕೇ ಆಸನ. ಚಾಲಕ ಒಬ್ಬ, ಗೈಡ್ ಒಬ್ಬ ಎಂದಾದರೆ ನಿಮಗೆ ಉಳಿಯುವುದು ಎರಡು. ದಂಪತಿಗಳಿಗೆ ಇದು ಸರಿ. ಮಕ್ಕಳಿರುವ ಕುಟುಂಬಕ್ಕೆ ಚಾಲಕನೇ ಗೈಡ್ ಆಗಿರುವ ಗಾಡಿಯನ್ನೋ ದೊಡ್ಡ ಗಾಡಿಯನ್ನೋ ಕೇಳಬೇಕಾಗುತ್ತದೆ. ಹಳೆಯ ಮಾದರಿಯ ಜೀಪುಗಳಲ್ಲಿ ಹಿಂಬದಿಯ ಆಸನಗಳು ಎದುರುಬದುರಾಗಿ ಇರುತ್ತವೆ, ಹಲವದರಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ. ಚಿಕ್ಕ ಮಕ್ಕಳನ್ನೂ ಬೆನ್ನುನೋವಿರುವ ಹಿರಿಯರನ್ನೂ ಅಲ್ಲಿ ಕೂರಿಸಬಾರದು. ಗಾಡಿಯ ಫೋಟೊವನ್ನು ಒಳಗಿನ ಆಸನಗಳು ಕಾಣುವಂತೆ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಬಿಸಿಲಿಗೂ ಮಳೆಗೂ ಎಳೆಯಬಹುದಾದ ಮೇಲ್ಹೊದಿಕೆ ಇದೆಯೇ ಎಂಬುದನ್ನೂ ಕೇಳಿ. ಅಕ್ಟೋಬರಿನ ಬಿಸಿಲು ಮೇ ತಿಂಗಳಿನದಕ್ಕಿಂತ ಹೆಚ್ಚೇನೂ ಕಡಿಮೆ ಇರುವುದಿಲ್ಲ.

ದರ ಮಾತಾಡುವಾಗ ಒಟ್ಟು ಮೊತ್ತವನ್ನಷ್ಟೇ ಕೇಳಿದರೆ ಸಾಲದು. ಫೆರ್ರಿಯಲ್ಲಿ ಗಾಡಿಯ ಶುಲ್ಕ, ಪಕ್ಷಿಧಾಮದ ಪ್ರವೇಶ, ಅಲ್ಲಿನ ದೋಣಿಯ ಬಾಡಿಗೆ, ಚಾಲಕನ ಊಟ, ಗೊತ್ತಾದ ಸಮಯ ಮೀರಿದರೆ ಗಂಟೆಗೆ ಎಷ್ಟು ಎಂಬುದನ್ನೆಲ್ಲ ಬರವಣಿಗೆಯಲ್ಲಿ ತರಿಸಿಕೊಂಡ ಮೇಲೆಯೇ ಮುಂಗಡ ಕಳುಹಿಸಿ.

ಉಬ್ಬರ ನೋಡಿ ದಿಕ್ಕು ನಿರ್ಧರಿಸಿ

ಈ ಪ್ರವಾಸದ ಯೋಜನೆಯಲ್ಲಿ ಅತಿ ಮುಖ್ಯವಾದ ನಿರ್ಧಾರ ಇದು, ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ಹಳೆ ಗೋವಾದ ದಡದಿಂದ ಫೆರ್ರಿಯಲ್ಲಿ ದಿವಾಡಿ, ದಿವಾಡಿಯ ಇನ್ನೊಂದು ತುದಿಯಿಂದ ಮತ್ತೊಂದು ಫೆರ್ರಿಯಲ್ಲಿ ಡಿಚೋಲಿ ತಾಲ್ಲೂಕಿನ ನಾರ್ವೆ, ಅಲ್ಲಿಂದ ಮಯೆ ಕೆರೆಯ ಬದಿಯಿಂದ ಹಾದು ರಸ್ತೆಯಲ್ಲೇ ಚೋಡಣ, ಚೋಡಣದಿಂದ ಕೊನೆಯ ಫೆರ್ರಿಯಲ್ಲಿ ಪಣಜಿಯ ಪಕ್ಕದ ರಿಬಂದರ್. ಹೀಗೆ ಒಂದು ಪೂರ್ಣ ಸುತ್ತಾಗುತ್ತದೆ, ಹೋದ ದಾರಿಯಲ್ಲೇ ಮರಳುವ ಪ್ರಮೇಯ ಬರುವುದಿಲ್ಲ. ದೂರ ಹೆಚ್ಚಿಲ್ಲ. ಆದರೆ ನಿಲುಗಡೆಗಳನ್ನು ಸೇರಿಸಿದರೆ ಬೆಳಗಿನಿಂದ ಸಂಜೆಯವರೆಗೂ ಬೇಕು.

ಈ ಸುತ್ತನ್ನು ಯಾವ ಕಡೆಯಿಂದ ಆರಂಭಿಸಬೇಕು ಎಂಬುದನ್ನು ಹೇಳುವುದು ನದಿಯ ನೀರು. ಚೋಡಣದ ಪಕ್ಷಿಧಾಮದಲ್ಲಿ ಕಾಂಡ್ಲಾ ಕಾಡಿನ ನಡುವಿನ ಕಿರುಗಾಲುವೆಗಳಲ್ಲಿ ದೋಣಿ ಒಳಕ್ಕೆ ಹೋಗಬೇಕಾದರೆ ಉಬ್ಬರದ ನೀರು ಬೇಕು; ಇಳಿತದಲ್ಲಿ ಅಲ್ಲಿ ಕೆಸರು ಮಾತ್ರ ಉಳಿದಿರುತ್ತದೆ. ಉಬ್ಬರ ದಿನಕ್ಕೆ ಎರಡು ಬಾರಿ, ಹೆಚ್ಚು ಕಡಿಮೆ ಹನ್ನೆರಡೂವರೆ ಗಂಟೆಗಳ ಅಂತರದಲ್ಲಿ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆದ್ದರಿಂದ ಕಳೆದ ವಾರ ಹೋಗಿ ಬಂದವರ ವೇಳಾಪಟ್ಟಿ ಈ ವಾರ ನಿಮಗೆ ಹೊಂದುವುದಿಲ್ಲ. ನೀವು ಹೋಗುವ ದಿನಕ್ಕೆ ಪಣಜಿಯ ಉಬ್ಬರದ ವೇಳೆಯನ್ನು ನೋಡಿಕೊಳ್ಳಿ. ಬೆಳಗಿನ ಹೊತ್ತಿಗೆ ಉಬ್ಬರವಿದ್ದರೆ ರಿಬಂದರಿನಿಂದ ಹೊರಟು ಚೋಡಣವನ್ನು ಮೊದಲು ಮುಗಿಸಿ; ಮಧ್ಯಾಹ್ನದ ಅನಂತರ ಇದ್ದರೆ ಹಳೆ ಗೋವಾದಿಂದ ಆರಂಭಿಸಿ. ಹಕ್ಕಿಗಳನ್ನೇ ನೋಡಲು ಬರುವವರ ಲೆಕ್ಕ ತುಸು ಬೇರೆ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನ ಮೇಲೆ ಮೇಯಲು ಇಳಿಯುವ ಹಕ್ಕಿಗಳೇ ಹೆಚ್ಚಾದ್ದರಿಂದ, ಅವರು ನೀರು ಇಳಿಯತೊಡಗುವ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಂಡರೆ ದೋಣಿಯೂ ಸಿಕ್ಕೀತು, ಹಕ್ಕಿಯೂ ಸಿಕ್ಕೀತು.

ಮುಂದಿನ ವಿವರಣೆಗೆ ಹಳೆ ಗೋವಾದಿಂದ ಹೊರಡುವ ಕ್ರಮವನ್ನೇ ಇಟ್ಟುಕೊಂಡಿದ್ದೇನೆ.

ಹಳೆ ಗೋವಾ ಮತ್ತು ಮೊದಲ ಫೆರ್ರಿ

ಬೆಳಿಗ್ಗೆ ಏಳೂವರೆಯೊಳಗೆ ಹೊರಡುವುದು ಒಳ್ಳೆಯದು. ಪಣಜಿಯಲ್ಲಿ ಭಾಜಿ ಪಾವ್ ತಿಂದು, ಪಣಜಿ ಮತ್ತು ರಿಬಂದರನ್ನು ಜೋಡಿಸುವ ಹಳೆಯ ಸೇತುರಸ್ತೆಯ ಮೇಲೆ ಸಾಗಿ. ಪೋರ್ಚುಗೀಸರು 1630ರ ದಶಕದಲ್ಲಿ ಕಟ್ಟಿಸಿದ ಈ ಸೇತು ಮೂರು ಕಿಲೋಮೀಟರಿಗಿಂತ ಉದ್ದವಿದ್ದು ಇಂದಿಗೂ ಬಳಕೆಯಲ್ಲಿದೆ. ಹಳೆ ಗೋವಾದ ಚರ್ಚುಗಳಿಗೆ ಬೇರೊಂದು ದಿನವನ್ನು ಇಡಿ. ಇಂದು ಅಲ್ಲಿ ನೋಡಬೇಕಾದುದು ದಾರಿಯಲ್ಲೇ ಸಿಗುವ ಎರಡು ದ್ವಾರಗಳನ್ನು ಮಾತ್ರ. ಸಂತ ಕೆಜೆಟನ್ ಚರ್ಚಿನ ಆವರಣದಲ್ಲಿ ಒಂಟಿಯಾಗಿ ನಿಂತಿರುವ ಕರಿಗಲ್ಲಿನ ಬಾಗಿಲು ವಿಜಯಪುರದ ಆದಿಲ್‌ಶಾಹಿ ಅರಮನೆಯ ಉಳಿಕೆ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವಾವನ್ನು ಕಸಿದುಕೊಂಡದ್ದು ಆದಿಲ್‌ಶಾಹಿಗಳಿಂದಲೇ. ಇನ್ನೊಂದು, ಫೆರ್ರಿಗೆ ಇಳಿಯುವ ರಸ್ತೆಯ ಮೇಲೆಯೇ ಇರುವ ವೈಸರಾಯ್ ಕಮಾನು. ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೋ ಡ ಗಾಮ ವೈಸರಾಯ್ ಆಗಿದ್ದಾಗ, 16ನೆಯ ಶತಮಾನದ ಕೊನೆಯಲ್ಲಿ ಅದನ್ನು ಕಟ್ಟಿಸಿದ. ಜೀಪು ಅದರ ಕೆಳಗೇ ಹಾದು ಹೋಗುತ್ತದೆ.

ಫೆರ್ರಿಯ ಬಗ್ಗೆ ಭಯ ಬೇಡ. ಚಪ್ಪಟೆ ತಳದ ಹಡಗು, ಮುಂದೆ ಮಡಚಿ ಇಳಿಸುವ ಕಬ್ಬಿಣದ ಹಲಗೆ. ಬೆಳಿಗ್ಗೆ ದ್ವೀಪದವರು ಕೆಲಸಕ್ಕೆಂದು ಪಣಜಿಯತ್ತ ದಾಟುತ್ತಾರೆ. ನೀವು ಅವರಿಗೆ ಎದುರಾಗಿ ಹೋಗುವುದರಿಂದ ಸರತಿ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ನೀರು ಇಳಿದಿರುವಾಗ ಹಲಗೆಯ ಇಳಿಜಾರು ಕಡಿದಾಗುತ್ತದೆ, ಮೇಲೆ ಪಾಚಿಯ ಜಾರು ಇರುತ್ತದೆ. ಮಕ್ಕಳ ಕೈ ಹಿಡಿದುಕೊಳ್ಳಿ, ಬೈಕುಗಳೆಲ್ಲ ಇಳಿಯುವವರೆಗೆ ಕಾಯಿರಿ, ಸಿಬ್ಬಂದಿ ಸನ್ನೆ ಮಾಡುವವರೆಗೆ ಚಾಲಕನನ್ನು ಅವಸರಪಡಿಸಬೇಡಿ. ದಾಟಲು ಕೆಲವೇ ನಿಮಿಷ ಸಾಕು.

ದಿವಾಡಿ: ಗದ್ದೆ, ಗುಡ್ಡ ಮತ್ತು ಸಪ್ತಕೋಟೀಶ್ವರ

ಫೆರ್ರಿಯಿಂದ ಇಳಿದೊಡನೆ ರಸ್ತೆಯ ಎರಡೂ ಕಡೆ ತಗ್ಗಿನ ಗದ್ದೆಗಳು ಹರಡಿರುತ್ತವೆ. ಮಣ್ಣಿನ ಏರಿ ಕಟ್ಟಿ ನದಿಯ ಉಪ್ಪುನೀರನ್ನು ತಡೆದು ಬೇಸಾಯ ಮಾಡುವ ಇವನ್ನು ಇಲ್ಲಿ ಖಾಜನ್ ಎನ್ನುತ್ತಾರೆ. ಅಘನಾಶಿನಿಯ ದಡದ ಗಜನಿ ಗದ್ದೆಗಳನ್ನು ಕಂಡವರಿಗೆ ಇದರ ಗುಟ್ಟು ಕೂಡಲೇ ತಿಳಿಯುತ್ತದೆ; ಅಲ್ಲಿನ ಕಗ್ಗ ಭತ್ತದಂತೆ ಇಲ್ಲಿಯೂ ಉಪ್ಪುನೀರನ್ನು ತಾಳಿಕೊಳ್ಳುವ ಕೊರಗುಟ್ ಎಂಬ ಭತ್ತವಿದೆ. ಗೈಡ್‌ಗೆ ಹೇಳಿ ಒಂದು ತೂಬಿನ ಬಳಿ ಜೀಪು ನಿಲ್ಲಿಸಿ. ಮಾನಸ್ ಎಂದು ಕರೆಯುವ ಈ ತೂಬಿನಲ್ಲಿ ಮರದ ಕದಗಳಿರುತ್ತವೆ. ನದಿಯಲ್ಲಿ ನೀರು ಏರಿದಾಗ ಅದರ ಒತ್ತಡಕ್ಕೆ ಕದ ತಾನಾಗಿ ಮುಚ್ಚಿಕೊಂಡು ಉಪ್ಪುನೀರನ್ನು ಹೊರಗೇ ತಡೆಯುತ್ತದೆ. ಇಳಿತದಲ್ಲಿ ಗದ್ದೆಯ ಕಡೆಯ ನೀರು ಕದವನ್ನು ತಳ್ಳಿ ಹೊರಗೆ ಹರಿಯುತ್ತದೆ, ಹಾಗೆ ಹರಿಯುವಾಗ ಬಾಯಿಗೆ ಬಲೆ ಕಟ್ಟಿ ಮೀನು ಹಿಡಿಯುತ್ತಾರೆ. ಕರೆಂಟಿಲ್ಲ, ಯಂತ್ರವಿಲ್ಲ. ಕದದ ಅಂಚಿಗೆ ಮೆತ್ತಿಕೊಂಡ ಚಿಪ್ಪುಗಳನ್ನು ನೋಡಿದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಇಲ್ಲಿ ಕಾಲು ಗಂಟೆಯಾದರೂ ನಿಲ್ಲಿ. ಏರಿಯ ಮೇಲೆ ನಡೆಯಬಹುದು, ಆದರೆ ಜೀಪನ್ನು ಹತ್ತಿಸಲು ಬಿಡಬೇಡಿ. ಮಣ್ಣಿನ ಏರಿ ಕುಸಿದರೆ ಉಪ್ಪುನೀರು ನುಗ್ಗಿ ಬೆಳೆ ಹಾಳಾಗುತ್ತದೆ.

ಗದ್ದೆ ದಾಟಿದ ಮೇಲೆ ರಸ್ತೆ ಪಿಯೆದಾದೆ ಗುಡ್ಡವನ್ನು ಏರುತ್ತದೆ. ಚರ್ಚಿನ ಅಂಗಳದಿಂದ ನದಿ, ಗದ್ದೆ, ಆಚೆ ದಡದ ಹಳೆ ಗೋವಾದ ಗೋಪುರಗಳು ಕಾಣುತ್ತವೆ. ಇಲ್ಲಿನ ಸ್ಮಶಾನದ ಒಳಗಿರುವ ಚಿಕ್ಕ ಪ್ರಾರ್ಥನಾ ಮಂದಿರ ಕದಂಬರ ಕಾಲದ ದೇವಾಲಯವೊಂದರ ಉಳಿಕೆ ಎನ್ನುತ್ತಾರೆ. ಅಲ್ಲಿ ಧ್ವನಿ ತಗ್ಗಿಸಿ ನೋಡಿ ಬನ್ನಿ, ಸಮಾಧಿಗಳ ಮೇಲೆ ಕೂರುವುದು, ಫೋಟೊಕ್ಕೆ ಒರಗಿ ನಿಲ್ಲುವುದು ಸಲ್ಲದು. ದ್ವೀಪದ ಹಳೆಯ ಮನೆಗಳ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಹೊರಗಿನಿಂದ ನೋಡಲು ಅವು ಎಷ್ಟು ಚೆಂದವಿದ್ದರೂ ಒಳಗೆ ಜನ ಬಾಳುತ್ತಿದ್ದಾರೆ. ಕೇಳದೆ ಗೇಟು ತೆರೆಯಬೇಡಿ, ಜೀಪಿನಲ್ಲಿ ಹಾಡು ಹಾಕಿಸಬೇಡಿ.

ಇಲ್ಲಿಂದ ಮುಂದೆ ನಾರ್ವೆಯ ಕಡೆಗೆ ಹೋಗುವ ದಾರಿಯೇ ಕನ್ನಡಿಗರಿಗೆ ಈ ಪ್ರವಾಸದ ತಿರುಳು. ಗೋವಾದ ಕದಂಬರ ಆರಾಧ್ಯದೈವ ಸಪ್ತಕೋಟೀಶ್ವರನ ಮೂಲಸ್ಥಾನ ದಿವಾಡಿಯ ಈ ಭಾಗದಲ್ಲಿತ್ತು. ಹಲಸಿಯನ್ನೂ ತಮ್ಮ ರಾಜಧಾನಿಯಾಗಿಸಿಕೊಂಡಿದ್ದ, ಕಿತ್ತೂರಿನ ಬಳಿ ದೇಗಾಂವಿಯ ಕಮಲನಾರಾಯಣ ಗುಡಿ ಯಾರ ಕಾಲದಲ್ಲಿ ಎದ್ದಿತೋ ಆ ಅರಸರು ಇವರೇ. ಇವರಲ್ಲೊಬ್ಬನಾದ ಶಿವಚಿತ್ತ ಪೆರ್ಮಾಡಿಯ ಚಿನ್ನದ ನಾಣ್ಯಗಳ ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ "ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ" ಎಂಬ ಬರಹ. ಗೋವಾದ ಸರ್ಕಾರಿ ಬಸ್ಸುಗಳ ಮೇಲೆ ಇಂದಿಗೂ ಇರುವುದು ಕದಂಬ ಎಂಬ ಹೆಸರೇ. ಬಹಮನಿಗಳ ಕಾಲದಲ್ಲಿ ಹಾಳಾದ ದಿವಾಡಿಯ ಸಪ್ತಕೋಟೀಶ್ವರನ ಗುಡಿಯನ್ನು 14ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದಾಗ ಭಕ್ತರು ಲಿಂಗವನ್ನು ನದಿಯಾಚೆಗೆ ಸಾಗಿಸಿದರು. ದಿವಾಡಿಯಲ್ಲಿ ಈಗ ಉಳಿದಿರುವುದು ಕೋಟಿತೀರ್ಥ ಎಂಬ ಕಲ್ಯಾಣಿ ಮತ್ತು ಚದುರಿದ ಕಲ್ಲುಗಳು. ಇದನ್ನು ಗೈಡ್‌ಗೆ ಮೊದಲೇ ಹೇಳಿಟ್ಟಿರಬೇಕು, ಏಕೆಂದರೆ ಅನೇಕರು ನೇರವಾಗಿ ಫೆರ್ರಿಗೆ ಹೋಗಿಬಿಡುತ್ತಾರೆ. ಕಲ್ಯಾಣಿಯನ್ನು ನೋಡಿ, ಅನಂತರ ಲಿಂಗ ದಾಟಿದ ಅದೇ ನದಿಯನ್ನು ದಾಟಿ ಗುಡಿಗೆ ಹೋದರೆ ಇಡೀ ಚರಿತ್ರೆ ಒಂದೇ ಎಳೆಯಾಗಿ ಮನಸ್ಸಿಗೆ ಇಳಿಯುತ್ತದೆ. ಇದೇ ಕಾರಣಕ್ಕೆ ಹಳೆ ಗೋವಾದಿಂದ ಆರಂಭಿಸುವ ಕ್ರಮ ನನಗೆ ಹೆಚ್ಚು ಪ್ರಿಯ.

ಆಚೆ ದಡದ ನಾರ್ವೆಯಲ್ಲಿ ಈಗಿರುವ ದೇವಸ್ಥಾನವನ್ನು 1668ರಲ್ಲಿ ಛತ್ರಪತಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ. ಅದನ್ನು ಹೇಳುವ ಶಾಸನ ಬಾಗಿಲ ಮೇಲೆ ಇದೆ. ಗರ್ಭಗುಡಿಯಲ್ಲಿರುವುದು ಸುತ್ತಲೂ ಉದ್ದುದ್ದ ಪಟ್ಟಿಗಳಂತೆ ಕಡೆದ ಧಾರಾಲಿಂಗ. ಬರ್ಮುಡಾ, ತೋಳಿಲ್ಲದ ಅಂಗಿ ಧರಿಸಿ ಹೊರಟಿದ್ದರೆ ಒಂದು ಪಂಚೆ ಅಥವಾ ಶಾಲು ಬ್ಯಾಗಿನಲ್ಲಿರಲಿ. ನಡುಹಗಲು ಗುಡಿ ಮುಚ್ಚುವ ಸಂಭವವಿರುವುದರಿಂದ ಹನ್ನೊಂದರೊಳಗೆ ತಲುಪುವಂತೆ ನೋಡಿಕೊಳ್ಳಿ.

ಮಯೆಯ ಕೆರೆ ದಾರಿಯಲ್ಲೇ ಸಿಗುತ್ತದೆ. ನೆರಳಿದೆ, ಕೈಕಾಲು ತೊಳೆಯಲು ಅನುಕೂಲವಿದೆ. ಊಟವನ್ನು ಈ ಭಾಗದಲ್ಲಿ ಮುಗಿಸಿಕೊಳ್ಳಿ. ದ್ವೀಪಗಳ ಒಳಗೆ ಹೋಟೆಲುಗಳು ಕಡಿಮೆ. ಶಾಕಾಹಾರಿಗಳು ಮನೆಯಿಂದಲೇ ರೊಟ್ಟಿ, ಚಟ್ನಿಪುಡಿ, ಮೊಸರನ್ನ ಕಟ್ಟಿಕೊಂಡು ಬಂದರೆ ಚಿಂತೆಯಿಲ್ಲ.

ಚೋಡಣ: ಇಳಿದು ನಡೆಯುವ ಸಮಯ

ಚೋಡಣದ ಪಶ್ಚಿಮ ತುದಿಯಲ್ಲಿ, ರಿಬಂದರ್ ಫೆರ್ರಿ ಬಂದು ನಿಲ್ಲುವ ಕಡೆಗೇ, ಡಾ. ಸಲೀಂ ಅಲಿ ಪಕ್ಷಿಧಾಮವಿದೆ. 178 ಹೆಕ್ಟೇರುಗಳ ಈ ಕಾಂಡ್ಲಾ ಕಾಡನ್ನು 1988ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಜೀಪಿಗೆ ಒಳಗೆ ಪ್ರವೇಶವಿಲ್ಲ. ಅರಣ್ಯ ಇಲಾಖೆಯ ಟಿಕೆಟ್ ಪಡೆದು ಕಾಲ್ದಾರಿಯಲ್ಲಿ ನಡೆಯಬೇಕು, ಇಲ್ಲವೇ ದೋಣಿಯವರೊಂದಿಗೆ ಮಾತಾಡಿಕೊಂಡು ಕಾಲುವೆಗೆ ಇಳಿಯಬೇಕು. ದೋಣಿಯವರನ್ನು ಹಿಂದಿನ ದಿನವೇ ಗೈಡ್ ಮೂಲಕ ಗೊತ್ತುಮಾಡಿಸಿ. ಉಬ್ಬರದ ಹೊತ್ತಿಗೆ ಹೋಗಿ ಹುಡುಕಿದರೆ ನೀರು ನಿಮಗಾಗಿ ಕಾಯುವುದಿಲ್ಲ. ಜೀವರಕ್ಷಕ ಕವಚ ಕೊಡದ ದೋಣಿ ಹತ್ತಬೇಡಿ.

ಇಲ್ಲಿ ಕಾಣುವುದನ್ನು ಕಾಣಲು ಮೌನ ಬೇಕು, ತಾಳ್ಮೆ ಬೇಕು. ಮೇಲೆ ಕೊಕ್ಕರೆ, ಬೆಳ್ಳಕ್ಕಿ, ಬಿಳಿ ಕೊರಳಪಟ್ಟಿಯ ಮಿಂಚುಳ್ಳಿ. ಕೆಳಗೆ ಕೆಸರಿನಲ್ಲಿ ರೆಕ್ಕೆಗಳನ್ನು ಊರಿ ನೆಗೆಯುವ ಮೀನುಗಳು, ಒಂದು ಕೊಂಬನ್ನು ಮಾತ್ರ ದೊಡ್ಡದಾಗಿ ಬೆಳೆಸಿಕೊಂಡು ಅದನ್ನು ಬೀಸುತ್ತಿರುವ ಪುಟ್ಟ ಏಡಿಗಳು. ಕಾಂಡ್ಲಾ ಗಿಡಗಳ ಬುಡದ ಸುತ್ತ ಪೆನ್ಸಿಲುಗಳನ್ನು ನೆಟ್ಟಂತೆ ಮೇಲಕ್ಕೆ ಎದ್ದಿರುವುದು ಅವುಗಳ ಉಸಿರಾಟದ ಬೇರು. ಗಾಳಿಯಾಡದ ಕೆಸರಿನಲ್ಲಿ ಗಿಡ ಬದುಕುವುದು ಅವುಗಳಿಂದಲೇ, ಆದ್ದರಿಂದ ಅವನ್ನು ತುಳಿಯದಂತೆ ಮಕ್ಕಳಿಗೆ ಹೇಳಿ. ವಲಸೆ ಹಕ್ಕಿಗಳು ಅಕ್ಟೋಬರಿನಿಂದ ಮಾರ್ಚಿನವರೆಗೆ ಇರುತ್ತವೆ. ದುರ್ಬೀನು, ಸೊಳ್ಳೆಗೆ ಹಚ್ಚುವ ಎಣ್ಣೆ, ಕೆಸರಿಗೆ ಅಂಜದ ಚಪ್ಪಲಿ ಜೊತೆಗಿರಲಿ.

ಯಾವಾಗ ಬೇಡ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ದ್ವೀಪಗಳು ಕಣ್ಣು ತುಂಬುವಷ್ಟು ಹಸಿರಾಗಿರುತ್ತವೆ, ಆದರೆ ತೆರೆದ ಜೀಪಿಗೆ ಆ ಕಾಲ ಹೇಳಿಮಾಡಿಸಿದ್ದಲ್ಲ. ಮಳೆಗಾಳಿ ಜೋರಾದರೆ ಫೆರ್ರಿಯೂ ತಡವಾಗಬಹುದು. ಆಗಸ್ಟಿನ ನಾಲ್ಕನೆಯ ಶನಿವಾರ ದಿವಾಡಿಯಲ್ಲಿ ಬೊಂದೆರಾಂ ಹಬ್ಬ. ಊರಿನ ಕೇರಿಗಳ ಗಡಿ ಜಗಳದ ನೆನಪಿನಲ್ಲಿ ಬಾವುಟಗಳ ಮೆರವಣಿಗೆ ನಡೆಯುತ್ತದೆ, ಫೆರ್ರಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಬ್ಬ ನೋಡಬೇಕಿದ್ದರೆ ಜೀಪನ್ನು ಬಿಟ್ಟು ಕಾಲ್ನಡಿಗೆಯಲ್ಲಿ ದಾಟಿ ಹೋಗಿ.

ದಿನದ ಕೊನೆಗೆ ಚಾಲಕ "ಇನ್ನೂ ಹೊತ್ತದ, ಬೀಚಿನ ಮ್ಯಾಲೆ ಒಂದು ರೌಂಡ್ ಹೊಡೆಯೂಣ" ಎಂದರೆ ಒಪ್ಪಬೇಡಿ. ಗೋವಾದ ಕಡಲತೀರಗಳಲ್ಲಿ ಗಾಡಿ ಓಡಿಸುವುದು ನಿಷಿದ್ಧ, ದಂಡವಷ್ಟೇ ಅಲ್ಲದೆ ಗಾಡಿ ಜಪ್ತಿಯಾಗುವ ಸಾಧ್ಯತೆಯೂ ಇದೆ. ಸಂಜೆ ರಿಬಂದರಿನ ಕಡೆಗೆ ದಾಟುವಾಗ, ಬೆಳಗಿನಂತೆಯೇ, ಮನೆಗೆ ಮರಳುವ ದ್ವೀಪದವರಿಗೆ ನೀವು ಎದುರಾಗಿ ಹೋಗುತ್ತೀರಿ. ಫೆರ್ರಿಗೆ ಕಾಯುವ ಆ ಬಿಡುವಿನಲ್ಲೇ ಬರವಣಿಗೆಯಲ್ಲಿದ್ದ ಲೆಕ್ಕವನ್ನು ತೆಗೆದು, ಹೆಚ್ಚುವರಿ ಗಂಟೆ ಇದ್ದರೆ ಸೇರಿಸಿ, ಬಾಕಿ ಹಣ ಕೊಟ್ಟು ರಸೀದಿ ಪಡೆಯಿರಿ. ಗೈಡ್ ಮತ್ತು ಚಾಲಕ ಬೇರೆ ಬೇರೆಯವರಾಗಿದ್ದರೆ ಖುಷಿಯಿಂದ ಕೊಡುವ ಹಣವನ್ನು ಒಬ್ಬರ ಕೈಗೇ ಒಪ್ಪಿಸದೆ ಇಬ್ಬರಿಗೂ ಪ್ರತ್ಯೇಕವಾಗಿ ಕೊಡಿ.